ನೀತಿಪಾಠ ಮತ್ತು ಜನಪದ ಕಥನ: ಶಾಲೆಯ ಮೌಲ್ಯಬೋಧನೆಯ ಒಂದು ಚಾರಿತ್ರಿಕ ಅವಲೋಕನ

1. ಪ್ರವೇಶ

ಕನ್ನಡ ಶಾಲೆಯ ಪಾಠಪುಸ್ತಕಗಳಲ್ಲಿ ಕಥೆ ಮುಗಿದ ಮೇಲೆ ಬರುವ ಒಂದು ಸಾಲು ಹಲವು ತಲೆಮಾರುಗಳಿಗೆ ಪರಿಚಿತವಾದುದು. ‘ನೀತಿ’ ಎಂಬ ತಲೆಬರಹವನ್ನು ಹೊತ್ತ ಆ ಸಾಲು, ಕಥೆಯಿಂದ ಮಗು ಏನನ್ನು ಕಲಿಯಬೇಕೆಂಬುದನ್ನು ಮೊದಲೇ ನಿರ್ಧರಿಸಿ ಹೇಳುತ್ತದೆ. ಅದೇ ಬಗೆಯ ಕಥೆಯನ್ನು ಮನೆಯ ಜಗಲಿಯಲ್ಲಿ ಅಜ್ಜಿಯಿಂದ ಕೇಳುವ ಮಗುವಿಗೆ ಸಾಮಾನ್ಯವಾಗಿ ಆ ಸಾಲು ದೊರೆಯುವುದಿಲ್ಲ. ಕಥೆ ಮುಗಿಯುತ್ತದೆ, ಮಗು ನಿದ್ದೆ ಹೋಗುತ್ತದೆ ಅಥವಾ ಪ್ರಶ್ನೆ ಕೇಳುತ್ತದೆ. ಈ ಎರಡು ಸನ್ನಿವೇಶಗಳ ನಡುವಣ ಅಂತರದಲ್ಲಿ ಶಿಕ್ಷಣ ಚಿಂತನೆಯ ಒಂದು ದೀರ್ಘ ವಿವಾದ ಅಡಗಿದೆ. ವಿದ್ಯಾರ್ಥಿಗಳಿಗೆ ನೈತಿಕ ಮೌಲ್ಯಗಳನ್ನು ಹಿರಿಯರು ಕಲಿಸಬೇಕೆ, ಅಥವಾ ಅವರು ತಮ್ಮ ಮೌಲ್ಯಗಳನ್ನು ತಾವೇ ರೂಪಿಸಿಕೊಳ್ಳಲು ಬಿಡಬೇಕೆ ಎಂಬುದೇ ಆ ವಿವಾದ.

ಈ ಪ್ರಶ್ನೆಯನ್ನು ಶಿಕ್ಷಣಶಾಸ್ತ್ರದ ನೆಲೆಯಲ್ಲಿ ಬಹಳವಾಗಿ ಚರ್ಚಿಸಲಾಗಿದೆ. ಆದರೆ ಶಾಲೆಯ ನೀತಿಪಾಠಕ್ಕೆ ಸಾಮಗ್ರಿಯನ್ನು ಒದಗಿಸಿದ ಗಾದೆ, ಕಥೆ, ಕಥನಗೀತೆಗಳ ಕಡೆಯಿಂದ ಅದನ್ನು ನೋಡಿದ ಪ್ರಯತ್ನಗಳು ವಿರಳ. ಜನಪದ ಸಾಮಗ್ರಿ ಪಠ್ಯಪುಸ್ತಕವನ್ನು ಪ್ರವೇಶಿಸಿದಾಗ ಅದರಲ್ಲಿ ಉಳಿದುದೇನು, ಕಳೆದುದೇನು ಎಂಬುದನ್ನು ಚಾರಿತ್ರಿಕವಾಗಿ ಪರಿಶೀಲಿಸಿದರೆ ‘ಕಲಿಸುವುದು’ ಮತ್ತು ‘ಬಿಡುವುದು’ ಎಂಬ ವಿಂಗಡಣೆಯೇ ಸಂದೇಹಾಸ್ಪದವಾಗಿ ಕಾಣುತ್ತದೆ. ಜನಪದ ಕಥನವು ಮೌಲ್ಯದ ಸಂಘರ್ಷವನ್ನು ಗಟ್ಟಿಯಾಗಿ ಕಟ್ಟಿಕೊಟ್ಟು ತೀರ್ಪನ್ನು ಕೇಳುಗರಿಗೆ ಉಳಿಸುತ್ತದೆ. ಶಾಲೆ ಬಹುಮಟ್ಟಿಗೆ ತೀರ್ಪನ್ನು ಇಟ್ಟುಕೊಂಡು ಸಂಘರ್ಷವನ್ನು ಕೈಬಿಟ್ಟಿದೆ. ಹಾಗೆಂದು ಜನಪದ ಪರಂಪರೆಯೊಂದೇ ನೈತಿಕ ಶಿಕ್ಷಣಕ್ಕೆ ಸಾಕು ಎನ್ನುವಂತೆಯೂ ಇಲ್ಲ. ಈ ಎರಡೂ ಸಂಗತಿಗಳನ್ನು ಮುಂದಿನ ಪುಟಗಳಲ್ಲಿ ವಿವೇಚಿಸಲಾಗಿದೆ.

2. ‘ನೀತಿ’ ಎಂಬ ಪದದ ಪಯಣ

ಮೊದಲಿಗೆ ‘ನೀತಿ’ ಎಂಬ ಪದದ ಅರ್ಥವ್ಯಾಪ್ತಿಯನ್ನು ಗಮನಿಸಬೇಕು. ಒಯ್ಯು, ನಡೆಸು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಈ ಪದಕ್ಕೆ ಪ್ರಾಚೀನ ಬಳಕೆಯಲ್ಲಿ ಲೋಕವ್ಯವಹಾರದ ಜಾಣ್ಮೆ, ರಾಜಕಾರ್ಯದ ನಡೆ ಎಂಬ ಅರ್ಥಗಳೇ ಪ್ರಧಾನ. ಕನ್ನಡದಲ್ಲಿ ಪಂಚತಂತ್ರವನ್ನು ಚಂಪೂರೂಪಕ್ಕೆ ತಂದ 11ನೆಯ ಶತಮಾನದ ದುರ್ಗಸಿಂಹನು ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ರಾಜ್ಯ ರಾಜ್ಯಗಳ ನಡುವಿನ ಸಂಧಿ ಮತ್ತು ಯುದ್ಧಗಳನ್ನು ನಿರ್ವಹಿಸುವ ಅಧಿಕಾರಿಯೊಬ್ಬನು ಈ ಕೃತಿಯನ್ನು ಆಯ್ದುಕೊಂಡುದು ಆಕಸ್ಮಿಕವಲ್ಲ.

ಪಂಚತಂತ್ರದ ಪ್ರಸಿದ್ಧ ಸಂಸ್ಕೃತ ಪಾಠಗಳಲ್ಲಿ ಮೊದಲನೆಯ ತಂತ್ರವಾದ ಮಿತ್ರಭೇದದ ಕಥೆಯನ್ನು ನೆನೆಯಬಹುದು. ದಮನಕನೆಂಬ ನರಿ ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹವನ್ನು ಮುರಿಯುತ್ತದೆ. ನಿರಪರಾಧಿಯಾದ ಎತ್ತು ಸಿಂಹದಿಂದ ಹತವಾಗುತ್ತದೆ. ದಮನಕನಿಗೆ ಶಿಕ್ಷೆಯಾಗುವುದಿಲ್ಲ, ಮಂತ್ರಿಪದವಿ ಉಳಿಯುತ್ತದೆ. ಇಂದಿನ ಅರ್ಥದಲ್ಲಿ ಇದು ನೀತಿಕಥೆಯೇ ಅಲ್ಲ. 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫನು ಇದನ್ನು ‘ಕಲೀಲ ವ ದಿಮ್ನ’ ಎಂಬ ಹೆಸರಿನಲ್ಲಿ ಅರಬ್ಬಿಗೆ ತಂದಾಗ ನರಿಯ ವಿಚಾರಣೆ ನಡೆದು ಶಿಕ್ಷೆಯಾಗುವ ಒಂದು ಹೊಸ ಅಧ್ಯಾಯ ಆ ಕಥೆಗೆ ಸೇರಿತು. ತೀರ್ಪಿಲ್ಲದ ಕಥೆ ಉಂಟುಮಾಡುವ ಕಳವಳ ಎಷ್ಟು ಹಳೆಯದು ಎಂಬುದಕ್ಕೆ ಈ ಸೇರ್ಪಡೆಯೇ ಸಾಕ್ಷಿ.

‘ನೀತಿ’ಯು ಸದಾಚಾರ ಎಂಬ ಅರ್ಥದಲ್ಲಿ, ಅದರಲ್ಲೂ ಕಥೆಯ ಕೊನೆಯ ಉಪದೇಶವಾಕ್ಯ ಎಂಬ ಅರ್ಥದಲ್ಲಿ, ಶಾಲೆಯಲ್ಲಿ ನೆಲೆಗೊಂಡುದು ಮುದ್ರಿತ ಪಾಠಪುಸ್ತಕದ ಕಾಲದಲ್ಲಿ. ಈಸೋಪನ ಕಥೆಗಳು ಇಂಗ್ಲಿಷಿನಿಂದ ಭಾರತೀಯ ಭಾಷೆಗಳಿಗೆ ಬಂದಾಗ ಪ್ರತಿ ಕಥೆಯ ಕೆಳಗೆ ಉಪದೇಶವನ್ನು ಪ್ರತ್ಯೇಕವಾಗಿ ಅಚ್ಚುಮಾಡುವ ಕ್ರಮವೂ ಅವುಗಳ ಜೊತೆಗೆ ಬಂದಿತು. ಅದೇ ಅಚ್ಚಿನೊಳಗೆ ಪಂಚತಂತ್ರದ ಕಥೆಗಳನ್ನೂ ಊರಿನ ಕಥೆಗಳನ್ನೂ ಕೂಡಿಸಲಾಯಿತು. ನಡೆಯ ಜಾಣ್ಮೆಯನ್ನು ಸೂಚಿಸುತ್ತಿದ್ದ ಪದ ಹೀಗೆ ವಿಧೇಯತೆಯ ಸೂತ್ರವಾಯಿತು.

3. ಕೂಲಿಮಠದ ಕಲಿಕೆ: 1823ರ ಬಳ್ಳಾರಿಯ ಸಾಕ್ಷ್ಯ

ವಸಾಹತು ಶಾಲೆಗೆ ಮುನ್ನ ಕನ್ನಡ ಪ್ರದೇಶದ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಕೂಲಿಮಠಗಳಲ್ಲಿ. ಇವುಗಳ ಬಗೆಗೆ ದೊರೆಯುವ ಆಡಳಿತಾತ್ಮಕ ಆಕರಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿ ಮುಖ್ಯವಾದುದು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆದೇಶಿಸಿದ ದೇಶೀ ಶಿಕ್ಷಣದ ಸಮೀಕ್ಷೆಯ ಅಂಗವಾಗಿ ಸಿದ್ಧವಾದ ಈ ವರದಿ, ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ‘ದಿ ಬ್ಯೂಟಿಫುಲ್ ಟ್ರೀ’ ಗ್ರಂಥದ ಮೂಲಕ ಮತ್ತೆ ಚರ್ಚೆಗೆ ಬಂದಿತು. ಅನಂತಪುರದ ಪ್ರದೇಶವನ್ನೂ ಒಳಗೊಂಡಿದ್ದ ಅಂದಿನ ವಿಶಾಲ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ವರದಿ ಹೇಳುತ್ತದೆ. 235 ಶಾಲೆಗಳಲ್ಲಿ ಕನ್ನಡವನ್ನೂ 226 ಶಾಲೆಗಳಲ್ಲಿ ತೆಲುಗನ್ನೂ ಕಲಿಸಲಾಗುತ್ತಿತ್ತು. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಕೇವಲ 60 ಮಂದಿ.

ಮಕ್ಕಳು ಓದುತ್ತಿದ್ದ ಗ್ರಂಥಗಳ ಪಟ್ಟಿಯನ್ನೂ ಕ್ಯಾಂಬೆಲ್ ಕೊಡುತ್ತಾನೆ. ರಾಮಾಯಣ, ಮಹಾಭಾರತ, ಭಾಗವತಗಳು ಒಂದು ಕಡೆ. ವೀರಶೈವ ಪರಂಪರೆಯ ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳು ಇನ್ನೊಂದು ಕಡೆ. ಮನರಂಜನೆಗಾಗಿ ಓದುವ ಹಗುರ ಗ್ರಂಥಗಳೆಂದು ಹೆಸರಿಸಿದವುಗಳಲ್ಲಿ ಪಂಚತಂತ್ರವೂ ಬೇತಾಳ ಪಂಚವಿಂಶತಿಯೂ ಸೇರಿವೆ.

ಈ ಕಲಿಕೆಯ ಬಗೆಗೆ ಕ್ಯಾಂಬೆಲ್‌ನ ಅಭಿಪ್ರಾಯ ಎರಡು ಬಗೆಯದು. ಮರಳಿನ ಮೇಲೆ ಅಕ್ಷರ ತಿದ್ದಿಸುವ ಮಿತವ್ಯಯವನ್ನೂ ಮುಂದಿನ ತರಗತಿಯ ಮಕ್ಕಳು ಹಿಂದಿನವರಿಗೆ ಕಲಿಸುವ ಕ್ರಮವನ್ನೂ ಅವನು ಮೆಚ್ಚುತ್ತಾನೆ. ಆದರೆ ಗ್ರಂಥಗಳ ಕಾವ್ಯಭಾಷೆ ಆಡುಮಾತಿಗಿಂತ ದೂರವಾಗಿದ್ದುದರಿಂದ ಮಕ್ಕಳು ಅರ್ಥವರಿಯದೆ ಗಿಳಿಯಂತೆ ಪದ್ಯಗಳನ್ನು ಒಪ್ಪಿಸುತ್ತಾರೆಂದು ದೂರುತ್ತಾನೆ. ಈ ದೂರಿನಲ್ಲಿ ವಸಾಹತು ಅಧಿಕಾರಿಯ ಪೂರ್ವಗ್ರಹವಿರಬಹುದು, ಆದರೂ ಅದನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಕೂಲಿಮಠದ ಶಿಸ್ತು ಕಠೋರವಾದುದು. ಹಗ್ಗಕ್ಕೆ ಜೋತುಬೀಳಿಸುವ ‘ಕೋದಂಡ’ದ ಶಿಕ್ಷೆ ಹಳೆಯ ತಲೆಮಾರಿನವರ ನೆನಪುಗಳಲ್ಲಿ ಉಳಿದುಬಂದಿದೆ. ಅಲ್ಲಿ ಮೌಲ್ಯಗಳನ್ನು ಕಂಠಸ್ಥ ಮಾಡಿಸಲಾಗುತ್ತಿತ್ತೇ ಹೊರತು ಅವುಗಳ ಬಗೆಗೆ ಚರ್ಚೆಗೆ ಅವಕಾಶವಿರಲಿಲ್ಲ.

ಆದರೆ ಆ ‘ಹಗುರ’ ಗ್ರಂಥಗಳ ಪಟ್ಟಿ ಬೇರೊಂದನ್ನು ಸೂಚಿಸುತ್ತದೆ. ಪಂಚತಂತ್ರವು ಒಂದು ಸೂತ್ರವನ್ನು ಸಮರ್ಥಿಸಲು ಕಥೆಯನ್ನು ಹೇಳುತ್ತದೆ. ಬೇತಾಳ ಪಂಚವಿಂಶತಿಯ ಕಥೆ ಹಾಗಲ್ಲ. ಅಲ್ಲಿ ಕಥೆ ಒಂದು ಪ್ರಶ್ನೆಯಲ್ಲಿ ನಿಲ್ಲುತ್ತದೆ. ಇವರಲ್ಲಿ ಯಾರು ಹೆಚ್ಚಿನವರು, ತಪ್ಪು ಯಾರದು, ಆಕೆ ಯಾರಿಗೆ ಸಲ್ಲಬೇಕು ಎಂದು ಬೇತಾಳ ಕೇಳುತ್ತದೆ. ರಾಜನು ಉತ್ತರ ಕೊಡುತ್ತಾನೆ, ಆದರೆ ಅದಕ್ಕೆ ಮುನ್ನ ಕೇಳುಗನ ಮನಸ್ಸಿನಲ್ಲಿ ಒಂದು ಉತ್ತರ ಹುಟ್ಟಿರುತ್ತದೆ. ಅದು ರಾಜನ ಉತ್ತರಕ್ಕಿಂತ ಬೇರೆಯಾಗಿದ್ದರೆ ವಾದ ಶುರುವಾಗುತ್ತದೆ. ಕಲಿಸುವ ಕಥೆ ಮತ್ತು ಕೇಳುವ ಕಥೆ ಎಂಬ ಎರಡು ಮಾದರಿಗಳೂ 1823ರಲ್ಲಿ ಬಳ್ಳಾರಿಯ ಮಕ್ಕಳ ಕೈಯಲ್ಲಿದ್ದವು. ಮುಂದಿನ ಶಾಲೆ ಮೊದಲನೆಯದನ್ನು ಹೆಚ್ಚಾಗಿ ಆರಿಸಿಕೊಂಡಿತು.

4. ವಸಾಹತು ಸರ್ಕಾರದ ಸಂದಿಗ್ಧ

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು, 1841ರಲ್ಲಿ ಅಲ್ಲಿ ಮುದ್ರಣಾಲಯವನ್ನು ತೆರೆಯಿತು. ಮಿಷನ್ ಶಾಲೆಗಳಿಗೆ ನೈತಿಕ ಶಿಕ್ಷಣದ ಆಧಾರ ಯಾವುದೆಂಬ ಪ್ರಶ್ನೆಯೇ ಇರಲಿಲ್ಲ, ಅದು ಬೈಬಲ್. ಸರ್ಕಾರಿ ಶಾಲೆಗಳಿಗೆ ಆ ಮಾರ್ಗ ಮುಚ್ಚಿತ್ತು. ಬಹುಧರ್ಮೀಯ ಪ್ರಜೆಗಳ ಮಕ್ಕಳಿಗೆ ಆಳುವವರ ಧರ್ಮವನ್ನು ಬೋಧಿಸುವುದು ಅಪಾಯಕರವೆಂಬ ಅರಿವು ಕಂಪೆನಿಗೆ ಇತ್ತು. 1854ರ ವುಡ್ ವರದಿ ಸರ್ಕಾರಿ ಶಾಲೆಗಳ ಬೋಧನೆ ಲೌಕಿಕವಾಗಿರಬೇಕೆಂದು ವಿಧಿಸಿತು. ಬೈಬಲ್ ಶಾಲೆಯ ಪುಸ್ತಕಭಂಡಾರದಲ್ಲಿ ಇರಬಹುದು, ವಿದ್ಯಾರ್ಥಿ ತಾನಾಗಿ ಕೇಳಿದರೆ ಶಿಕ್ಷಕನು ಪಾಠದ ವೇಳೆಯ ಹೊರಗೆ ವಿವರಿಸಬಹುದು ಎಂಬುದು ಅದರ ನಿಲುವು.

ಧರ್ಮವಿಲ್ಲದ ಶಿಕ್ಷಣದಿಂದ ಶೀಲ ಬೆಳೆಯುವುದಿಲ್ಲ ಎಂಬ ಟೀಕೆ ಕೂಡಲೇ ಕೇಳಿಬಂದಿತು. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗ ಇದಕ್ಕೊಂದು ಪರಿಹಾರವನ್ನು ಸೂಚಿಸಿತು. ಎಲ್ಲ ಮತಗಳಿಗೂ ಒಪ್ಪಿಗೆಯಾಗುವ ಸಹಜಧರ್ಮದ ಮೂಲತತ್ತ್ವಗಳನ್ನು ಆಧರಿಸಿ ಒಂದು ನೀತಿ ಪಠ್ಯಪುಸ್ತಕವನ್ನು ರಚಿಸಿ ಕಾಲೇಜುಗಳಲ್ಲಿ ಬೋಧಿಸಬೇಕು ಎಂಬುದು ಅದರ ಶಿಫಾರಸು. ಆಯೋಗದ ಸದಸ್ಯರಾಗಿದ್ದ ಕಾಶೀನಾಥ ತ್ರ್ಯಂಬಕ ತೆಲಂಗರು ಇದಕ್ಕೆ ಭಿನ್ನಮತದ ಟಿಪ್ಪಣಿಯನ್ನು ಬರೆದರು. ಭಾರತ ಸರ್ಕಾರವೂ ಈ ಶಿಫಾರಸನ್ನು ಒಪ್ಪಲಿಲ್ಲ.

ಹೀಗೆ ನೀತಿಗಾಗಿಯೇ ಮೀಸಲಾದ ಪುಸ್ತಕ ಸರ್ಕಾರದ ಮಟ್ಟದಲ್ಲಿ ಬರಲಿಲ್ಲ. ಆದರೆ ನೀತಿಬೋಧನೆಯ ಹೊಣೆ ಹಿಂಬಾಗಿಲಿನಿಂದ ಭಾಷಾಪಾಠದ ಒಳಗೆ ಬಂದು ಕುಳಿತಿತು. ಧರ್ಮವನ್ನು ಹೇಳುವಂತಿಲ್ಲ, ನೀತಿಯನ್ನು ಹೇಳದಿರುವಂತಿಲ್ಲ ಎಂಬ ಇಕ್ಕಟ್ಟಿನಲ್ಲಿ ಯಾರ ಮತಕ್ಕೂ ಸೇರದ ಪ್ರಾಣಿಕಥೆ, ಗಾದೆ, ಜನಪದ ಹಾಡುಗಳು ಅನುಕೂಲವಾದ ಸಾಮಗ್ರಿಗಳಾದವು. ಕನ್ನಡ ಓದುಪುಸ್ತಕಗಳಲ್ಲಿ ಜಾನಪದಕ್ಕೆ ದೊರೆತ ಸ್ಥಾನಕ್ಕೆ ದೇಸೀ ಅಭಿಮಾನದ ಜೊತೆಗೆ ಈ ಇಕ್ಕಟ್ಟೂ ಒಂದು ಕಾರಣವೆಂದು ಭಾವಿಸಲು ಅವಕಾಶವಿದೆ.

ಇದಕ್ಕೆ ಅಪವಾದಗಳೂ ಇದ್ದವು. ಶಿಕ್ಷಣ ಇಲಾಖೆಯಲ್ಲೇ ದುಡಿದ ಪಂಜೆ ಮಂಗೇಶರಾಯರ (1874–1937) ಮಕ್ಕಳ ಕಥೆಗಳು ಈ ದೃಷ್ಟಿಯಿಂದ ಗಮನಾರ್ಹ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬುದು ಒಬ್ಬರು ಇನ್ನೊಬ್ಬರ ಮೇಲೆ ಕಾರಣವನ್ನು ಹೊರಿಸುತ್ತ ಸಾಗುವ ಸರಪಣಿ ಕಥೆ. ಹೊಣೆಗಾರಿಕೆ ಎಂಬ ಮೌಲ್ಯದ ಬಗೆಗೆ ಇದಕ್ಕಿಂತ ಚುರುಕಾದ ಪಾಠ ದುರ್ಲಭ. ಆದರೆ ಅಲ್ಲಿ ಉಪದೇಶವಿಲ್ಲ. ಮಗು ನಗುತ್ತ ನಗುತ್ತ ಸರಪಣಿಯನ್ನು ತಾನೇ ಹಿಡಿದುಕೊಳ್ಳುತ್ತದೆ.

5. ಗಾದೆ: ಸನ್ನಿವೇಶದ ಮಾತು, ಪರೀಕ್ಷೆಯ ಮಾತು

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ನಂಬಿಕೆ ಕನ್ನಡಿಗರಲ್ಲಿ ಬಲವಾಗಿದೆ. ಆದರೆ ಗಾದೆಗಳು ಒಂದನ್ನೊಂದು ಸುಳ್ಳಾಗಿಸುತ್ತವೆ. ‘ತಾಳಿದವನು ಬಾಳಿಯಾನು’ ಎನ್ನುವ ಸಮಾಜವೇ ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎಂದೂ ಹೇಳುತ್ತದೆ. ಮೌನವನ್ನು ಬಂಗಾರವೆಂದ ಬಾಯಿಯೇ ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ. ಇದನ್ನು ಜನಪದರ ಗೊಂದಲವೆಂದು ತಿಳಿಯುವುದು ತಪ್ಪು. ಗಾದೆ ಆಡುವವರು ಎಂದೂ ಸಾರ್ವತ್ರಿಕ ಸತ್ಯವನ್ನು ಘೋಷಿಸುತ್ತಿರುವುದಿಲ್ಲ. ಪಂಚಾಯಿತಿಯ ಕಟ್ಟೆಯಲ್ಲಿ, ಹೊಲದ ಬದುವಿನಲ್ಲಿ, ಅತ್ತೆ ಸೊಸೆಯರ ನಡುವೆ ಎದುರಾದ ನಿರ್ದಿಷ್ಟ ಸನ್ನಿವೇಶಕ್ಕೆ ತಕ್ಕ ಗಾದೆಯನ್ನು ಆರಿಸುತ್ತಾರೆ. ಆರಿಸುವ ಆ ವಿವೇಕವೇ ನೈತಿಕ ಕಲಿಕೆ. ಎ.ಕೆ. ರಾಮಾನುಜನ್ 1989ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಭಾರತೀಯ ಚಿಂತನೆಯ ಸಂದರ್ಭನಿಷ್ಠ ಸ್ವರೂಪವನ್ನು ವಿವರಿಸಿದ್ದಾರೆ. ಗಾದೆಯ ಬಳಕೆ ಅದಕ್ಕೆ ನಿತ್ಯದ ನಿದರ್ಶನ.

ಶಾಲೆಯಲ್ಲಿ ಗಾದೆಗೆ ಒದಗಿದ ಗತಿ ಬೇರೆ. ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬುದು ಕನ್ನಡ ಪ್ರಶ್ನೆಪತ್ರಿಕೆಯ ಚಿರಪರಿಚಿತ ಪ್ರಶ್ನೆ. ಅಲ್ಲಿ ಗಾದೆ ಸನ್ನಿವೇಶದಿಂದ ಕಳಚಿ ಒಂಟಿಯಾಗಿ ನಿಲ್ಲುತ್ತದೆ. ವಿದ್ಯಾರ್ಥಿ ಅದನ್ನು ಒಪ್ಪಿಕೊಂಡು, ಒಂದು ಉದಾಹರಣೆ ಕೊಟ್ಟು, ಎಲ್ಲರೂ ಹೀಗೆ ನಡೆಯಬೇಕೆಂದು ಮುಗಿಸಬೇಕು. ಈ ಗಾದೆ ಯಾವಾಗ ಸಲ್ಲುವುದಿಲ್ಲ, ಇದರ ಎದುರು ಗಾದೆ ಯಾವುದು ಎಂಬ ಪ್ರಶ್ನೆಗೆ ಆ ಉತ್ತರದ ಚೌಕಟ್ಟಿನಲ್ಲಿ ಎಡೆಯಿಲ್ಲ. ತಾಳ್ಮೆಯ ಗಾದೆಯನ್ನು ವಿಸ್ತರಿಸಿ ಪೂರ್ಣ ಅಂಕ ಪಡೆದ ವಿದ್ಯಾರ್ಥಿಗೆ ಯಾವ ಅನ್ಯಾಯವನ್ನು ತಾಳಬಾರದು ಎಂಬುದು ತಿಳಿದಿರಲೇಬೇಕೆಂದೇನೂ ಇಲ್ಲ.

6. ಎರಡು ಕಥನಗೀತೆಗಳು

ಗಾದೆಗೆ ಆದುದೇ ಕಥನಗೀತೆಗಳಿಗೂ ಆಯಿತು. ಪಠ್ಯಪುಸ್ತಕಗಳ ಮೂಲಕ ಕನ್ನಡನಾಡಿನಾದ್ಯಂತ ಮನೆಮಾತಾದ ‘ಗೋವಿನ ಹಾಡು’ ಇದಕ್ಕೆ ಮೊದಲ ಉದಾಹರಣೆ. ಹಸಿದ ಹುಲಿಗೆ ಸಿಕ್ಕಿಬಿದ್ದ ಪುಣ್ಯಕೋಟಿ ಕರುವಿಗೆ ಹಾಲೂಡಿಸಿ ಮರಳುವುದಾಗಿ ಮಾತುಕೊಟ್ಟು, ಕೊಟ್ಟ ಮಾತಿನಂತೆ ಮರಳುತ್ತದೆ. ಶಾಲೆ ಇದನ್ನು ಸತ್ಯಪಾಲನೆಯ ಪಾಠವಾಗಿ ಕಲಿಸಿದೆ. ಅದು ತಪ್ಪೂ ಅಲ್ಲ, ಹಾಡಿನ ಹೃದಯದಲ್ಲಿ ಸತ್ಯವೇ ಇದೆ. ಆದರೆ ಹಾಡು ಸತ್ಯವನ್ನು ಸುಲಭವಾಗಿ ಗೆಲ್ಲಿಸುವುದಿಲ್ಲ. ತಾಯಿ ಹಿಂತಿರುಗಿ ಹೋಗಬಾರದೆಂದು ಕರು ಬೇಡುತ್ತದೆ. ತಬ್ಬಲಿಯಾಗುವ ಕಂದನ ಬಗೆಗಿನ ಕರ್ತವ್ಯ ದೊಡ್ಡದೋ, ಕೊಲ್ಲಲು ನಿಂತವನಿಗೆ ಕೊಟ್ಟ ಮಾತು ದೊಡ್ಡದೋ ಎಂಬ ಪ್ರಶ್ನೆ ಹಾಡಿನೊಳಗೇ ಇದೆ. ಪುಣ್ಯಕೋಟಿ ಆ ಪ್ರಶ್ನೆಗೆ ತನ್ನ ಉತ್ತರವನ್ನು ಕೊಟ್ಟು, ಕರುವನ್ನು ಉಳಿದ ಹಸುಗಳ ವಶಕ್ಕೆ ಒಪ್ಪಿಸಿ ಹೊರಡುತ್ತದೆ.

ಹುಲಿಯ ಅಂತ್ಯ ಇನ್ನೂ ಕಠಿಣವಾದುದು. ಪದ್ಮಪುರಾಣದಲ್ಲಿ ಇದೇ ಆಶಯದ ನಂದಾ ಎಂಬ ಹಸುವಿನ ಕಥೆಯಿದೆ. ಅಲ್ಲಿನ ಹುಲಿ ಶಾಪಗ್ರಸ್ತನಾದ ಪ್ರಭಂಜನನೆಂಬ ರಾಜ, ಹಸುವಿನ ಸತ್ಯದಿಂದ ಅವನಿಗೆ ಶಾಪವಿಮೋಚನೆಯಾಗುತ್ತದೆ. ಕನ್ನಡದ ಹಾಡಿನ ಪ್ರಚಲಿತ ಪಾಠದಲ್ಲಿ ಶಾಪವೂ ಇಲ್ಲ, ವಿಮೋಚನೆಯೂ ಇಲ್ಲ. ಹುಲಿ ಹುಲಿಯೇ. ಅದು ಹಸುವನ್ನು ತಿನ್ನಲಾರದೆ ತಾನೇ ಪ್ರಾಣ ಬಿಡುತ್ತದೆ. ಹಸಿದ ಪ್ರಾಣಿ ತನ್ನ ಆಹಾರವನ್ನು ತಿನ್ನುವುದು ಪಾಪವೇ, ಹುಲಿ ಸಾಯಬೇಕಿತ್ತೇ ಎಂದು ತರಗತಿಯಲ್ಲಿ ಕೇಳುವ ಮಗು ಪಾಠದ ದಾರಿ ತಪ್ಪಿಲ್ಲ. ಹಾಡು ಕೇಳಬೇಕೆಂದು ಬಯಸಿದ ಪ್ರಶ್ನೆಯನ್ನೇ ಅದು ಕೇಳುತ್ತಿದೆ. ‘ಈ ಪದ್ಯದಿಂದ ತಿಳಿಯುವ ನೀತಿಯೇನು’ ಎಂಬ ಏಕವಚನದ ಪ್ರಶ್ನೆಗೆ ಮಾತ್ರ ಅದು ಉತ್ತರವಾಗುವುದಿಲ್ಲ.

ಉತ್ತರ ಕರ್ನಾಟಕದ ‘ಕೆರೆಗೆ ಹಾರ’ ಇನ್ನಷ್ಟು ತೊಡಕಿನ ನಿದರ್ಶನ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಮನೆಯ ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂಬ ಮಾತು ಬರುತ್ತದೆ. ಆಯ್ಕೆ ಕಿರಿಸೊಸೆ ಭಾಗೀರಥಿಯ ಮೇಲೆ ಬೀಳುತ್ತದೆ. ಆಕೆ ತೌರಿಗೆ ಹೋದರೂ ಹೆತ್ತವರ ಮುಂದೆ ನಿಜವನ್ನು ಮರೆಮಾಚುತ್ತಾಳೆ, ಗೆಳತಿಯೊಬ್ಬಳಿಗೆ ಮಾತ್ರ ಹೇಳುತ್ತಾಳೆ. ಕೆರೆ ತುಂಬುತ್ತದೆ, ಭಾಗೀರಥಿ ಮುಳುಗುತ್ತಾಳೆ. ದಂಡಿನಿಂದ ಮರಳಿದ ಗಂಡ ಮಾದೇವರಾಯ ವಿಷಯ ತಿಳಿದು ಅದೇ ಕೆರೆಗೆ ಹಾರುತ್ತಾನೆ.

ಈ ಹಾಡನ್ನು ಸಮುದಾಯಕ್ಕಾಗಿ ಮಾಡಿದ ತ್ಯಾಗದ ಆದರ್ಶವಾಗಿ ಬೋಧಿಸುವ ಪರಿಪಾಠ ಬೆಳೆದುಬಂದಿತು. ಅದು ನಿಜವಾಗಿದ್ದರೆ ಹಾಡು ಕೆರೆ ತುಂಬಿದಲ್ಲಿಗೆ ಮುಗಿಯಬೇಕಿತ್ತು. ಗಂಡನ ಸಾವು ಆ ಆದರ್ಶವನ್ನು ಕದಡುತ್ತದೆ. ಊರಿಗೆ ನೀರು ಬಂದಿತು ಎಂಬ ಲಾಭದ ಲೆಕ್ಕವನ್ನು ಅವನ ಸಾವು ಒಪ್ಪುವುದಿಲ್ಲ. ತೌರಿನಲ್ಲಿ ಬಾಯಿ ಬಿಡಲಾರದ ಭಾಗೀರಥಿಯ ಮೌನವನ್ನು ಸಮ್ಮತಿ ಎನ್ನಬಹುದೇ ಎಂಬ ಪ್ರಶ್ನೆಯನ್ನು ಮಹಿಳಾ ಅಧ್ಯಯನದ ನೆಲೆ ಮುಂದಿಟ್ಟಿದೆ. ಗ್ರೀಸಿನ ಆರ್ಟಾ ಸೇತುವೆಯ ಹಾಡು, ಸರ್ಬಿಯದ ಸ್ಕಾದರ್ ಕೋಟೆಯ ಹಾಡು ಮೊದಲಾದ ಇದೇ ಆಶಯದ ಕಥನಗಳ ಬಗೆಗಿನ ಅಧ್ಯಯನಗಳನ್ನು ಅಲನ್ ಡಂಡೆಸ್ 1996ರಲ್ಲಿ ಒಂದೆಡೆ ಸಂಪಾದಿಸಿದ್ದಾನೆ. ಒಂದೇ ಆಶಯ ವಿದ್ವಾಂಸರಿಗೆ ಎಷ್ಟು ಬಗೆಯ ಅರ್ಥಗಳನ್ನು ಕೊಟ್ಟಿದೆ ಎಂಬುದನ್ನು ಆ ಸಂಪುಟ ತೋರಿಸುತ್ತದೆ. ವಿದ್ವಾಂಸರೇ ಒಂದು ತೀರ್ಪಿಗೆ ಬರಲಾರದ ಹಾಡಿನಿಂದ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳು ‘ತ್ಯಾಗ’ ಎಂಬ ಒಂದೇ ಪದವನ್ನು ಹೊರತೆಗೆಯಬೇಕೆಂದು ಅಪೇಕ್ಷಿಸುವುದು ಹಾಡಿಗೂ ಅನ್ಯಾಯ, ಆಕೆಗೂ ಅನ್ಯಾಯ. ಯಾಕೆಂದರೆ ಆಕೆ ಒಂದು ದಿನ ಯಾರದೋ ಮನೆಯ ಸೊಸೆಯಾಗಬಹುದಾದವಳು.

7. ಜನಪದದ ಮಿತಿಗಳು

ಇಷ್ಟರಿಂದ ಜನಪದ ಪರಂಪರೆ ಮಕ್ಕಳನ್ನು ಸ್ವತಂತ್ರವಾಗಿ ಚಿಂತಿಸಲು ಬಿಟ್ಟಿತ್ತು, ಶಾಲೆ ಬಂದು ಅದನ್ನು ಕೆಡಿಸಿತು ಎಂಬ ನಿರ್ಣಯಕ್ಕೆ ಬರುವುದು ಅವಸರವಾಗುತ್ತದೆ. ಕಥೆ ಕೇಳುವಾಗ ‘ಹೂಂ’ಗುಟ್ಟುತ್ತಿದ್ದ ಮಗುವಿಗೆ ಪ್ರಶ್ನಿಸುವ ಸ್ವಾತಂತ್ರ್ಯವಿದ್ದಿರಬಹುದು, ಆದರೆ ಯಾರ ಮನೆಯಲ್ಲಿ ನೀರು ಕುಡಿಯಬೇಕು, ಯಾರ ಕೇರಿಗೆ ಹೋಗಬಾರದು ಎಂಬ ವಿಷಯದಲ್ಲಿ ಅದಕ್ಕೆ ಸ್ವಾತಂತ್ರ್ಯವಿರಲಿಲ್ಲ. ಆ ಪಾಠವನ್ನು ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ, ಊರಿನ ಬೀದಿಯ ವಿನ್ಯಾಸವೇ ಕಲಿಸುತ್ತಿತ್ತು. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂಬಂಥ ಗಾದೆಗಳೂ ಕೆಲವು ಜಾತಿಗಳನ್ನು ಹೀಗಳೆಯುವ ಗಾದೆಗಳೂ ಅದೇ ಪರಂಪರೆಯ ಸೊತ್ತು. ಹೆಣ್ಣುಮಕ್ಕಳ ಸಂಖ್ಯೆ 60ಕ್ಕೆ ನಿಂತ 1823ರ ಬಳ್ಳಾರಿಯನ್ನು ಈ ಸಂದರ್ಭದಲ್ಲಿ ಮರೆಯುವಂತಿಲ್ಲ.

ಇದೇ ಪರಂಪರೆಯ ಒಳಗೆ ಪ್ರತಿರೋಧದ ಧ್ವನಿಗಳೂ ಇವೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲಿನಲ್ಲಿ ಧರೆಗೆ ದೊಡ್ಡವರು ಅಸಹ್ಯವಾದ ವೇಷದಲ್ಲಿ ಕಲ್ಯಾಣಕ್ಕೆ ಬಂದು ಅಲ್ಲಿನ ಶರಣರನ್ನು ಪರೀಕ್ಷಿಸುತ್ತಾರೆ. ಸಮಾನತೆಯನ್ನು ಬೋಧಿಸಿದವರ ಬಾಗಿಲಲ್ಲೇ ಸಮಾನತೆ ಎಷ್ಟಿದೆ ಎಂದು ನೋಡುವುದು ಆ ಪರೀಕ್ಷೆಯ ತಿರುಳು. ನೀತಿಯನ್ನು ಹೇಳುವವರನ್ನು ಅವರ ನಡೆಯಿಂದ ಅಳೆಯಬೇಕೆಂಬ ಈ ದೃಷ್ಟಿ ಶಾಲೆಯ ಯಾವ ನೀತಿಪಾಠಕ್ಕಿಂತಲೂ ನಿಷ್ಠುರವಾದುದು. ಮಕ್ಕಳು ಶಿಕ್ಷಕರನ್ನು ಅಳೆಯುವುದೂ ಹೀಗೆಯೇ.

ಆದ್ದರಿಂದ ಮಕ್ಕಳು ತಮ್ಮ ಮೌಲ್ಯಗಳನ್ನು ತಾವೇ ರೂಪಿಸಿಕೊಳ್ಳಲಿ ಎಂಬ ವಾದಕ್ಕೂ ಒಂದು ಮಿತಿಯಿದೆ. ಶಾಲೆ ಮೌನವಾಗಿದ್ದರೆ ಮಗು ಶೂನ್ಯದಲ್ಲಿ ಬೆಳೆಯುವುದಿಲ್ಲ. ಮನೆ, ಜಾತಿ, ಮಾರುಕಟ್ಟೆ, ಪರದೆಯ ಮೇಲಿನ ಚಿತ್ರಗಳು ಆ ಜಾಗವನ್ನು ತುಂಬುತ್ತವೆ.

8. ಸ್ವಾತಂತ್ರ್ಯೋತ್ತರ ಚರ್ಚೆ

ಸ್ವತಂತ್ರ ಭಾರತವೂ ವಸಾಹತು ಕಾಲದ ಇಕ್ಕಟ್ಟನ್ನು ಹೊಸ ರೂಪದಲ್ಲಿ ಎದುರಿಸಿತು. ಸಂವಿಧಾನದ 28ನೆಯ ವಿಧಿ ಪೂರ್ಣವಾಗಿ ಸರ್ಕಾರಿ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋ‌ಧನೆಯನ್ನು ನಿಷೇಧಿಸುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸುತ್ತದೆ. ಒಂದು ಬಗೆಯ ಬೋಧನೆಯಿಂದ ದೂರವಿರಬೇಕೆಂದು ಹೇಳುವ ಸಂವಿಧಾನವೇ ಇನ್ನೊಂದು ಮೌಲ್ಯದ ವಿಷಯದಲ್ಲಿ ತಟಸ್ಥವಾಗಿಲ್ಲ.

1959ರಲ್ಲಿ ನೇಮಕಗೊಂಡ ಶ್ರೀಪ್ರಕಾಶ ಸಮಿತಿ ನೈತಿಕ ಮತ್ತು ಆಧ್ಯಾತ್ಮಿಕ ಮೌಲ್ಯಗಳ ಬೋಧನೆಯನ್ನು ಶಿಫಾರಸು ಮಾಡಿತು. 1964–66ರ ಕೊಠಾರಿ ಆಯೋಗ ವಾರಕ್ಕೆ ಒಂದೆರಡು ಅವಧಿಗಳನ್ನು ಇದಕ್ಕಾಗಿ ಮೀಸಲಿಡಬೇಕೆಂದು ಹೇಳುವುದರ ಜೊತೆಗೆ ಇದು ಎಲ್ಲ ಶಿಕ್ಷಕರ ಹೊಣೆಯೆಂದು ಒತ್ತಿಹೇಳಿತು. 2000ದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೌಲ್ಯಶಿಕ್ಷಣಕ್ಕೂ ಧರ್ಮಗಳ ಬಗೆಗಿನ ಅರಿವಿಗೂ ಕೊಟ್ಟ ಪ್ರಾಧಾನ್ಯವನ್ನು ಪ್ರಶ್ನಿಸಿ ಅರುಣಾ ರಾಯ್ ಮತ್ತಿತರರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಧರ್ಮಗಳ ಬಗೆಗೆ ತಿಳಿಸುವುದು ಧಾರ್ಮಿಕ ಬೋಧನೆಯಾಗುವುದಿಲ್ಲವೆಂದು 2002ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿತು. 2005ರ ಚೌಕಟ್ಟು ಮಗು ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ನೆಲೆಯಿಂದ ಹೊರಟು ಶಾಂತಿಗಾಗಿ ಶಿಕ್ಷಣ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಂವಿಧಾನದ ಮೌಲ್ಯಗಳನ್ನೂ ನೈತಿಕ ವಿವೇಚನೆಯನ್ನೂ ಹೇಳುತ್ತ, ಪಂಚತಂತ್ರ ಮತ್ತು ಜಾತಕಗಳಂಥ ಕಥೆಗಳನ್ನು ಓದುವ ಅವಕಾಶ ಮಕ್ಕಳಿಗೆ ಇರಬೇಕೆಂದು ಸೂಚಿಸಿತು. ಚರ್ಚೆ ಒಂದು ಸುತ್ತು ಬಂದು ಮತ್ತೆ ಕಥೆಯ ಬಳಿ ನಿಂತಿದೆ.

ಪಶ್ಚಿಮದಲ್ಲಿಯೂ ಈ ಕಾಲದಲ್ಲಿ ಇಂಥದೇ ಜಗ್ಗಾಟ ನಡೆಯಿತು. ಲೂಯಿ ರಾತ್ಸ್ ಮತ್ತು ಅವನ ಸಂಗಡಿಗರು 1966ರಲ್ಲಿ ಪ್ರಕಟಿಸಿದ ಗ್ರಂಥ, ಶಿಕ್ಷಕನು ಮೌಲ್ಯವನ್ನು ಹೇರದೆ ವಿದ್ಯಾರ್ಥಿ ತನ್ನ ಮೌಲ್ಯವನ್ನು ಸ್ಪಷ್ಟಪಡಿಸಿಕೊಳ್ಳಲು ನೆರವಾಗಬೇಕೆಂದು ವಾದಿಸಿತು. ಎಲ್ಲ ಆಯ್ಕೆಗಳೂ ಸಮವೆಂಬ ಭಾವನೆಗೆ ಇದು ದಾರಿಯಾಗುತ್ತದೆ ಎಂಬ ಟೀಕೆಯನ್ನು ಆ ವಿಧಾನ ಎದುರಿಸಬೇಕಾಯಿತು. ಲಾರೆನ್ಸ್ ಕೋಲ್ಬರ್ಗ್ ನೈತಿಕ ಇಕ್ಕಟ್ಟಿನ ಕಥೆಗಳನ್ನು ಹೇಳಿ, ಮಕ್ಕಳ ಉತ್ತರಕ್ಕಿಂತ ಅವರು ಕೊಡುವ ಕಾರಣಗಳಿಗೆ ಮಹತ್ತ್ವ ಕೊಟ್ಟನು. ಹೆಂಡತಿಯ ಪ್ರಾಣ ಉಳಿಸಲು ಔಷಧ ಕದಿಯಬಹುದೇ ಎಂಬ ಅವನ ಪ್ರಸಿದ್ಧ ಪ್ರಶ್ನೆ ಬೇತಾಳನ ಪ್ರಶ್ನೆಗಳ ಕುಲಕ್ಕೇ ಸೇರಿದ್ದು. ಕೂಲಿಮಠದಲ್ಲಿ ‘ಹಗುರ’ವೆನಿಸಿದ್ದ ಗ್ರಂಥದ ಕ್ರಮ ಹೀಗೆ ಮನೋವಿಜ್ಞಾನದ ಮೂಲಕ ಗೌರವ ಪಡೆದುದು ಸ್ವಾರಸ್ಯಕರವಾಗಿದೆ.

9. ಉಪಸಂಹಾರ

ಮೇಲಿನ ಚರ್ಚೆಯಿಂದ ಹೊರಡುವ ತೀರ್ಮಾನಗಳು ಮೂರು. ಒಂದು, ಕಥೆಯ ಕೊನೆಗೆ ‘ನೀತಿ’ಯ ಸಾಲನ್ನು ಹಚ್ಚುವ ಕ್ರಮ ಜನಪದದ್ದಲ್ಲ. ಅದು ಮುದ್ರಣ, ಪರೀಕ್ಷೆ ಮತ್ತು ವಸಾಹತು ಸರ್ಕಾರದ ಧಾರ್ಮಿಕ ಇಕ್ಕಟ್ಟುಗಳು ಒಟ್ಟಾಗಿ ರೂಪಿಸಿದ ಕ್ರಮ. ಎರಡು, ಜನಪದ ಕಥನವು ಮಕ್ಕಳನ್ನು ಸುಮ್ಮನೆ ಬಿಟ್ಟುಬಿಡುವುದಿಲ್ಲ. ಸತ್ಯ, ತಾಯ್ತನ, ಹಸಿವು, ಸಾವುಗಳನ್ನು ಎದುರಿಗೆ ತಂದು ನಿಲ್ಲಿಸಿ ಉತ್ತರವನ್ನು ಮಾತ್ರ ತಡೆಹಿಡಿಯುತ್ತದೆ. ಮೂರು, ಕೆಲವು ಮೌಲ್ಯಗಳು ಕಥೆಯಿಂದಲೂ ಚರ್ಚೆಯಿಂದಲೂ ಮಾತ್ರ ಬರುವಂಥವಲ್ಲ, ಅವು ಶಾಲೆಯ ನಿತ್ಯದ ನಡೆಯಾಗಬೇಕು.

ಮೂರನೆಯ ಮಾತಿಗೆ ಕರ್ನಾಟಕದ್ದೇ ನಿದರ್ಶನವಿದೆ. 2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂಬ ಶರಣ ಪರಂಪರೆಯ ಹೆಸರನ್ನು ಇಡಲಾಯಿತು. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ಅಲ್ಲಿ ನಿಯಮ. ದಲಿತ ಸಮುದಾಯದ ಮಹಿಳೆ ಅಡುಗೆ ಮಾಡಿದರೆ ಮಕ್ಕಳನ್ನು ಊಟಕ್ಕೆ ಕಳಿಸದ ಪೋಷಕರ ಸುದ್ದಿಗಳೂ ಕೇಳಿಬಂದಿವೆ. ಸಮಾನತೆಯ ಮೌಲ್ಯವನ್ನು ಮಗು ತಾನೇ ರೂಪಿಸಿಕೊಳ್ಳಲಿ ಎಂದು ಅಂಥ ಸನ್ನಿವೇಶದಲ್ಲಿ ಶಾಲೆ ಕಾಯುತ್ತ ಕೂರುವಂತಿಲ್ಲ. ಸಮಾನತೆಯ ಬಗೆಗೆ ಹತ್ತು ವಾಕ್ಯಗಳನ್ನು ಬಾಯಿಪಾಠ ಮಾಡಿಸುವುದರಿಂದಲೂ ಕೆಲಸವಾಗದು. ಸಾಲು ಮುರಿಯದಂತೆ ನೋಡಿಕೊಳ್ಳುವುದೇ ಅಲ್ಲಿ ಪಾಠ.

ಊಟದ ಸಾಲಿನಲ್ಲಿ ಶಾಲೆ ದೃಢವಾಗಿ ನಿಲ್ಲಬೇಕು, ಕಥೆಯ ಕೊನೆಯಲ್ಲಿ ಸುಮ್ಮನಿರಲು ಕಲಿಯಬೇಕು. ಈಗ ಬಹುಮಟ್ಟಿಗೆ ಇದರ ವಿಪರ್ಯಾಸವೇ ಕಾಣುತ್ತದೆ. ನಡೆಯಬೇಕಾದಲ್ಲಿ ನುಡಿ ಹೆಚ್ಚಿದೆ, ಪ್ರಶ್ನೆಗೆ ಬಿಡಬೇಕಾದಲ್ಲಿ ಉತ್ತರ ಸಿದ್ಧವಾಗಿದೆ. ಪಠ್ಯಪುಸ್ತಕಗಳಿಗೆ ಜನಪದ ಸಾಮಗ್ರಿಯನ್ನು ಆಯುವವರು ಪಾಠಾಂತರಗಳನ್ನು ಜೊತೆಯಲ್ಲಿಟ್ಟು, ಎದುರು ಗಾದೆಗಳನ್ನು ಒಟ್ಟಿಗೆ ಕೊಟ್ಟು, ಅಭ್ಯಾಸದ ಪ್ರಶ್ನೆಗಳನ್ನು ಬಹುವಚನಕ್ಕೆ ತಿರುಗಿಸಿದರೆ ಈ ದಿಸೆಯಲ್ಲಿ ಒಂದು ಹೆಜ್ಜೆ ಇಟ್ಟಂತಾಗುತ್ತದೆ. ಹುಲಿ ಯಾಕೆ ಸಾಯಬೇಕಿತ್ತು ಎಂದು ಕೇಳಿದ ಮಗುವಿಗೆ, ನಿನಗೇನನ್ನಿಸುತ್ತದೆ ಎಂದು ಮರಳಿ ಕೇಳುವ ಶಿಕ್ಷಕರಿದ್ದರೆ ಆ ಹಾಡು ಶಾಲೆಯಲ್ಲಿಯೂ ಜೀವಂತವಾಗಿ ಉಳಿಯುತ್ತದೆ.